ಬಿಸಿಲಿಗಿಟ್ಟ ಸೆಲ್ಲುಗಳು

ಬೆಟಗೇರಿ
೨೧ ಡಿಸೆಂಬರ್ ೧೯೮೦

ಚಿರಂಜೀವಿ ದತ್ತಾತ್ರಿಗೆ ತಾರಕ್ಕನ ಆಶೀರ್ವಾದಗಳು.

ನೀನು ಕಳಿಸಿದ ಟೇಪ್ ರೆಕಾರ್ಡರ್ ಶ್ರೀಪಾದ ಮಾಮಾನ ಕೈಯಿಂದ ಬಂದು ಮುಟ್ಟಿತು. ಮೊದಲು ಅದನ್ನು ಲಕ್ಷ್ಮೇಶ್ವರಕ್ಕೆ, ಕಾಕಾನ ಮನೆಗೆ ಒಯ್ದೆ. ಮನೆಮಂದಿಯೆಲ್ಲ ಸರತಿಯಲ್ಲಿ ಕುಳಿತು ತಮ್ಮ ತಮ್ಮ ದನಿ ತುಂಬಿಸಿದರು. ಸರಸ್ವತಿಬಾಯಿ ಕಾಕು ಒಂದು ಆರತಿಯನ್ನು ಪೂರ್ತಿ ಹಾಡಿದಳು. ಸಂಜೆ ಅದನ್ನು ತಿರುಗಿ ಹಚ್ಚಿದರೆ ಅವಳ ದನಿ ಗಂಡಸಿನದರಂತೆ ದಪ್ಪಗೆ ಬಂತು. "ಇದು ನಂದಲ್ಲ, ನಿಮ್ಮ ಕಾಕಾಂದು," ಎಂದು ಮುನಿಸಿಕೊಂಡು ಎದ್ದು ಹೋದಳು. ಯಂತ್ರದ ಗುಣವೇ ಹಾಗಿರಬೇಕೆಂದು ನಾವು ನಕ್ಕೆವು. ಅಷ್ಟರಲ್ಲಿ ನೀನು ಹಾಕಿಕೊಟ್ಟ ನಾಲ್ಕೂ ಸೆಲ್ಲು ಸೋತಿದ್ದವು. ಕರೆಂಟಿಗೆ ಹಚ್ಚುವ ವಯರು ಪೆಟ್ಟಿಗೆಯಲ್ಲಿ ಇರಲಿಲ್ಲ.

ಸೋತ ಸೆಲ್ಲುಗಳನ್ನು ಬಿಸಿಲಿಗಿಡಬೇಕೆಂದು ನನಗೆ ಕಲಿಸಿದ್ದು ಯಮನೂರಪ್ಪ. ಇಲ್ಲಿ ಮದುವೆಗಳಿಗೆ ಬ್ಯಾಂಡು ಬಾರಿಸುವ ಕಂಪನಿ ಅವರದು. ಅವರು ಕ್ಲಾರಿನೆಟ್ ಊದುತ್ತಾರೆ. ಆಗಸ್ಟ್ ಹದಿನೈದಕ್ಕೆ ನಮ್ಮ ಶಾಲೆಗೆ ಬರುತ್ತಾರೆ. ಮಕ್ಕಳಿಗೆ ಹಾಡು ಕಲಿಸುವವಳು ನಾನಾದ್ದರಿಂದ ಪರಿಚಯ. ಮಧ್ಯಾಹ್ನ ನಾಲ್ಕು ತಾಸು ಬಿಸಿಲು ಕುಡಿದ ಸೆಲ್ಲು ಒಂದು ತಾಸು ಹಾಡುತ್ತದೆ. ಅವರ ನೆರೆಮನೆಯ ಅಲ್ಮಾಸಬಿಯ ಮಾಳಿಗೆಯ ಮೇಲೆ ಇಡುತ್ತೇವೆ. "ಅಕ್ಕಾರ, ನಿಮ್ಮ ಸೆಲ್ಲು ನನ್ನ ಮೆಣಸಿನಕಾಯಿ ಘಾಟು ಕುಡದು ಸೀನಾಕ ಹತ್ಯಾವ, ಜಲ್ದಿ ಒಯ್ಯಿರಿ," ಎನ್ನುತ್ತಾಳೆ ಅವಳು.

ಯಂತ್ರದ ಜೊತೆಗೆ ನೀನಿಟ್ಟ ವಿಲಾಯಿತಿ ಕ್ಯಾಸೆಟ್ಟನ್ನೂ ಹಚ್ಚಿದೆವು. ಮೇಲೆ ಒಂದು ಕೆಂಪು ಲಾಂದ್ರದ ಚಿತ್ರವಿದೆ, ಗುಂಪಿನ ಹೆಸರು 'ದಿ ರೆಡ್ ಲ್ಯಾಂಟರ್ನ್ಸ್'. ಯಮನೂರಪ್ಪ ಅವರನ್ನು ಕಂದೀಲಿನವರು ಎಂದು ಕರೆಯುತ್ತಾರೆ. ಒಂಬತ್ತು ಹಾಡುಗಳಿವೆ. ನಾನು ಇಂಗ್ಲಿಷ್ ಓದಿದವಳಾದರೂ ಒಂದು ಮಾತೂ ತಿಳಿಯಲಿಲ್ಲ. ಅಷ್ಟು ನಿಧಾನ, ಅಷ್ಟು ತಗ್ಗಿದ ದನಿ. ಯಮನೂರಪ್ಪ ಒಂದು ಬದಿ ಪೂರ್ತಿ ಕೇಳಿದರು. ಆಮೇಲೆ, "ಇವರ ಮನ್ಯಾಗ ಯಾರೋ ಸತ್ತಾರ್ರಿ ಅಕ್ಕಾರ," ಎಂದರು.

ಅವರು ಯಾರು, ಏನು ಎಂದು ಗೊತ್ತಿದ್ದರೆ ಬರೆ.

ನಿನ್ನ ಅಕ್ಕ
ತಾರಾ


ಮುಂಬಯಿ
೯ ಜನವರಿ ೧೯೮೧

ಪೂಜ್ಯ ತಾರಕ್ಕನಿಗೆ ನಮಸ್ಕಾರಗಳು.

ಆ ಕ್ಯಾಸೆಟ್ಟನ್ನು ಫುಟ್‌ಪಾತಿನಲ್ಲಿ ಒಬ್ಬ ಹಡಗಿನವನ ಹತ್ತಿರ ಕೊಂಡೆ. ನಾನು ಅದನ್ನು ಕೇಳಿಲ್ಲ. ಕೇಳುವ ಪೆಟ್ಟಿಗೆಯನ್ನು ನಿನಗೇ ಕಳಿಸಿಬಿಟ್ಟೆನಲ್ಲ. ಮಾರಿದವನು ಹೇಳಿದ್ದು ಇಷ್ಟು: ಅವರು ಜಗತ್ತಿನಲ್ಲೆಲ್ಲ ಹೆಸರಾದವರು, ಅವರು ಹಾಡಲು ನಿಂತರೆ ಹುಡುಗಿಯರು ಅತ್ತು ಮೂರ್ಛೆ ಹೋಗುತ್ತಾರೆ.

ನಾನೀಗ ಕಂಪನಿಯ ರೆಕಾರ್ಡಿಂಗ್ ವಿಭಾಗದಲ್ಲಿದ್ದೇನೆ. ದಿನಕ್ಕೆ ಇನ್ನೂರು ಕ್ಯಾಸೆಟ್ ನನ್ನ ಕೈ ದಾಟಿ ಹೋಗುತ್ತವೆ. ಇದನ್ನು ಅವ್ವನಿಗೆ ಓದಿ ಹೇಳು.

ನಿನ್ನ
ದತ್ತಾತ್ರಿ


ಬೆಟಗೇರಿ
೧೮ ಆಗಸ್ಟ್ ೧೯೮೧

ಚಿ. ದತ್ತಾತ್ರಿಗೆ ಆಶೀರ್ವಾದಗಳು.

ಎಂಟು ತಿಂಗಳು ಬರೆಯಲಿಲ್ಲ. ಕಾರಣ ಹೇಳಿದರೆ ನಗಬೇಡ. ಯಮನೂರಪ್ಪನ ಬ್ಯಾಂಡು ಕಂದೀಲಿನವರ ಒಂಬತ್ತೂ ಹಾಡುಗಳನ್ನು ಕಲಿಯುತ್ತಿದೆ. ಕ್ಯಾಸೆಟ್ ಕೇಳಿ ಸ್ವರ ಬರೆದುಕೊಡುವವಳು ನಾನು.

ಹುಡುಗಿಯರು ಅಳುತ್ತಾರೆಂದು ನೀನು ಬರೆದದ್ದನ್ನು ಓದಿ ಹೇಳಿದೆ. "ನಾ ಹೇಳಲಿಲ್ಲೇನ್ರಿ?" ಎಂದರು ಯಮನೂರಪ್ಪ. ಅಂದಿನಿಂದ ಅವರಿಗೆ ಬೇರೆ ಧ್ಯಾನವಿಲ್ಲ.

ತೊಡಕುಗಳು ಬಹಳ. ಕಂದೀಲಿನವರ ಷಡ್ಜ ನನ್ನ ಹಾರ್ಮೋನಿಯಂನ ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಅಲ್ಲಿ ಒತ್ತಲು ಮನೆಯೇ ಇಲ್ಲ. ವಿಲಾಯಿತಿಯ ಷಡ್ಜ ಬೇರೆ ಇರಬಹುದೆಂದು ಯಮನೂರಪ್ಪ ಕ್ಲಾರಿನೆಟ್ಟಿನ ಕೀಲನ್ನು ಎಳೆದು ಉದ್ದ ಮಾಡಿ ಅದಕ್ಕೆ ಕೂಡಿಸಿಕೊಂಡರು. ನನ್ನ ಹಾರ್ಮೋನಿಯಂ ಕೂಡಲಿಲ್ಲ. ಆದ್ದರಿಂದ ನಾನು ಬರೀ ತಾಳ ಹಾಕಿ ಕುಳಿತಿರುತ್ತೇನೆ.

ಕ್ಯಾಸೆಟ್ಟಿನ ಪ್ರತಿ ಬದಿಯ ಕೊನೆಯ ಹಾಡು ಮುಗಿಯುತ್ತ ಬಂದಂತೆ ಮತ್ತಷ್ಟು ನಿಧಾನವಾಗುತ್ತದೆ. ನಡೆದು ದಣಿದವನು ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಂತೆ. ಯಮನೂರಪ್ಪನಿಗೆ ಅದು ಬಹಳ ಹಿಡಿಸಿದೆ. "ಕಡೀಕ ಉಸರು ಬಿಡಬೇಕ್ರಿ, ಒಮ್ಮೆಲೇ ನಿಲ್ಲಸಬಾರದು," ಎಂದು ಒಂಬತ್ತೂ ಹಾಡುಗಳಿಗೆ ಅದನ್ನೇ ತಂದಿದ್ದಾರೆ. ದೊಡ್ಡ ಕಹಳೆಯ ನೀಲಪ್ಪ ಹರ್ತಿಯ ಒಕ್ಕಲಿಗ. ಅವನಿಗೆ ಮಾತ್ರ ಸಮಾಧಾನವಿಲ್ಲ. "ಹಿಂಗ ಊದಿಕೋತ ಮೆರವಣಿಗಿ ಹೊಂಟ್ರ, ಮಂಟಪ ಮುಟ್ಟೂದ್ರೊಳಗ ಮದಿಮಗಾ ಮುದುಕ ಆಕ್ಕಾನ್ರಿ," ಎನ್ನುತ್ತಾನೆ. ಡ್ರಮ್ಮಿನ ಮುದಕಪ್ಪ, "ಆಗಲಿ ಬಿಡಲೇ, ಮದಿಮಗಳು ಬ್ಯಾರೇದಾವನ್ನ ನೋಡ್ತಾಳ," ಎನ್ನುತ್ತಾನೆ. ಹೀಗೆ ನಗುತ್ತಲೇ ಕಲಿಯುತ್ತಾರೆ. ಊದಲು ಹಿಡಿದ ಮೇಲೆ ಮಾತ್ರ ಯಾರೂ ನಗುವುದಿಲ್ಲ. ಪಕ್ಕದ ಓಣಿಯ ನೇಕಾರರು ಮಗ್ಗ ನಿಲ್ಲಿಸಿ ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಈಗ ಮುಖ್ಯ ವಿಷಯ. ಯಮನೂರಪ್ಪ ಮೂವತ್ತು ವರ್ಷದಿಂದ ಊದುತ್ತಿದ್ದಾರೆ. ಮೊನ್ನೆ ಹೇಳಿದರು: "ಮಂದಿ ಕುಣೀಲಿ ಅಂತ ಊದೇನ್ರಿ, ಮಂದಿ ಉಣ್ಣಲಿ ಅಂತ ಊದೇನಿ. ಕುಂತು ಕೇಳ್ತೀವಿ ಊದಪಾ ಅಂತ ಒಬ್ಬರೂ ಅಂದಿಲ್ಲ." ಈ ಒಂಬತ್ತು ಹಾಡು ತಮ್ಮ ಹೆಸರಿನ ಕ್ಯಾಸೆಟ್ ಆಗಬೇಕೆಂದು ಅವರ ಆಸೆ. ಹೆಚ್ಚು ಸಮಯವಿಲ್ಲ. ಕ್ಲಾರಿನೆಟ್ಟಿನ ಬಾಯನ್ನು ಮೇಲ್ಸಾಲಿನ ಮುಂದಿನ ಎರಡು ಹಲ್ಲುಗಳಿಂದ ಒತ್ತಿ ಹಿಡಿಯಬೇಕು. ಅವರಿಗೆ ಅವೆರಡೂ ಅಲುಗಾಡುತ್ತಿವೆ. ಕಟ್ಟಿಸಿದ ಹಲ್ಲು ಊದುವಾಗ ಜಾರುತ್ತದೆಂದು ಮುಂಡರಗಿಯ ಒಬ್ಬ ಮುದುಕ ಕ್ಲಾರಿನೆಟ್ಟಿನವನನ್ನು ನೋಡಿ ತಿಳಿದು ಬಂದಿದ್ದಾರೆ. ಅವನು ಊದುವುದನ್ನೇ ಬಿಟ್ಟನಂತೆ.

ನಿಮ್ಮ ಕಂಪನಿಯವರು ಕೇಳಬಹುದೇ?

ತಾರಾ


ಮುಂಬಯಿ
೨ ಸೆಪ್ಟೆಂಬರ್ ೧೯೮೧

ಪೂಜ್ಯ ತಾರಕ್ಕನಿಗೆ ನಮಸ್ಕಾರಗಳು.

ಕೇಳುವುದೇನು ಬಂತು? ಮಾಡಿ ಕಳಿಸಿರಿ. ಸಾಹೇಬರು ನನ್ನ ಮಾತಿಗೆ ಬೆಲೆ ಕೊಡುತ್ತಾರೆ. ಹೊಸದು ಬೇಕು, ಹೊಸದು ಬೇಕು ಎಂದು ಅವರು ದಿನಾ ಒದರುತ್ತಿರುತ್ತಾರೆ. ಗದಗಿನ ಬ್ಯಾಂಡಿನವರು ವಿಲಾಯಿತಿ ಹಾಡು ಊದಿದ್ದು ಇಲ್ಲಿ ಯಾರ ಹತ್ತಿರ ಇದೆ? ಯಮನೂರಪ್ಪನವರಿಗೆ ಹೇಳು, ಮುಚ್ಚಳದ ಮೇಲೆ ಹಾಕಲು ಒಂದು ಫೋಟೋ ತೆಗೆಸಿಕೊಳ್ಳಲಿ.

ದತ್ತಾತ್ರಿ


ಬೆಟಗೇರಿ
೨೭ ಜನವರಿ ೧೯೮೨

ಚಿ. ದತ್ತಾತ್ರಿಗೆ ಆಶೀರ್ವಾದಗಳು.

ರಿಜಿಸ್ಟರ್ ಅಂಚೆಯಲ್ಲಿ ಕ್ಯಾಸೆಟ್ ಕಳಿಸಿದ್ದೇನೆ. ಮೇಲಿನ ಚೀಟಿಯ ಮೇಲೆ ನನ್ನ ಕೈಯಿಂದಲೇ ನೀಲಿ ಶಾಯಿಯಲ್ಲಿ ಬರೆದಿದ್ದೇನೆ: 'ಕಂದೀಲಿನವರ ಒಂಬತ್ತು ಹಾಡುಗಳು, ಯಮನೂರಪ್ಪ ಮತ್ತು ಸಂಗಡಿಗರು, ಬೆಟಗೇರಿ'.

ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆ ಬಿಡುವಿನಲ್ಲಿ ಒಂದು ರವಿವಾರ ಹರ್ತಿಗೆ ಹೋದೆವು. ಬೆಟಗೇರಿಯಲ್ಲಿ ಎಲ್ಲಿ ಕುಳಿತರೂ ಮಗ್ಗದ ಸಪ್ಪಳ. ನೀಲಪ್ಪನ ಹೊಲದ ಮನೆಯಲ್ಲಿ ದನಗಳನ್ನು ಹೊರಗೆ ಕಟ್ಟಿ, ನೆಲಕ್ಕೆ ಗೋಣಿತಟ್ಟು ಹಾಸಿ, ನಡುವೆ ಯಂತ್ರ ಇಟ್ಟೆವು. ಹೊಸ ಸೆಲ್ಲು ತರಬೇಕೆಂದು ನಾನು ಅಂದೆ. ಯಮನೂರಪ್ಪ ಒಪ್ಪಲಿಲ್ಲ. "ಬ್ಯಾಡ್ರಿ ಅಕ್ಕಾರ. ಈ ಸೆಲ್ಲಿನ ಮ್ಯಾಲೇ ಹಾಡು ಕಲತೇವಿ. ಅವಕ್ಕ ನಮ್ಮ ರೂಢಿ ಆಗೇತಿ," ಎಂದರು. ಎರಡು ದಿನ ಬಿಸಿಲು ಕುಡಿಸಿ ಒಯ್ದಿದ್ದೆವು.

ಮೂರನೆಯ ಹಾಡಿನಲ್ಲಿ ಒಂದು ಕಾಗೆ ಕೂಗಿದೆ. ತೆಗೆಯಲು ಬರುವುದಾದರೆ ತೆಗೆಯಿರಿ, ಇಲ್ಲದಿದ್ದರೆ ಇರಲಿ. ಏಳನೆಯ ಹಾಡು ಮುಗಿದಾಗ ಯಮನೂರಪ್ಪನ ತುಟಿಯಿಂದ ರಕ್ತ ಬಂತು. ಒರೆಸಿಕೊಂಡು ಉಳಿದ ಎರಡನ್ನು ಊದಿದರು. ಎಲ್ಲ ಮುಗಿದ ಮೇಲೆ ಅಲ್ಲೇ ಅದೇ ಯಂತ್ರದಲ್ಲಿ ತಿರುಗಿ ಕೇಳಿದೆವು. ಊದಿದ್ದು ಊದಿದ ಹಾಗೇ ಇತ್ತು. ನೀಲಪ್ಪ ಎದ್ದು ಹೋಗಿ ಎತ್ತುಗಳ ಹತ್ತಿರ ನಿಂತುಕೊಂಡ. ಬಹಳ ಹೊತ್ತು ಒಳಗೆ ಬರಲಿಲ್ಲ.

ಇದು ಆ ವಿಲಾಯಿತಿಯವರ ನಕಲಲ್ಲ, ದತ್ತಾ. ನಾನು ಸುಮ್ಮನೆ ಹೊಗಳುವವಳಲ್ಲವೆಂದು ನಿನಗೆ ಗೊತ್ತು. ಅವರು ನಾಲ್ಕು ಮಾತಿನಲ್ಲಿ ಅತ್ತದ್ದನ್ನು ಇವರು ಒಂದೇ ಉಸಿರಿನಲ್ಲಿ ಹೇಳಿದ್ದಾರೆ.

ಇನ್ನೊಂದು ಪ್ರತಿ ಇಲ್ಲ. ಜೋಪಾನ.

ತಾರಾ


ಮುಂಬಯಿ
೨೦ ಫೆಬ್ರವರಿ ೧೯೮೨

ಪೂಜ್ಯ ತಾರಕ್ಕನಿಗೆ ನಮಸ್ಕಾರಗಳು.

ಕ್ಯಾಸೆಟ್ ಮುಟ್ಟಿದೆ. ನೇರವಾಗಿ ಸಾಹೇಬರ ಮೇಜಿನ ಮೇಲೆಯೇ ಇಟ್ಟಿದ್ದೇನೆ. ಈ ವಾರ ಕೇಳುತ್ತೇನೆಂದಿದ್ದಾರೆ.

ದತ್ತಾತ್ರಿ


ಬೆಟಗೇರಿ
೫ ಜೂನ್ ೧೯೮೨

ಚಿ. ದತ್ತಾತ್ರಿಗೆ ಆಶೀರ್ವಾದಗಳು.

ಮಾರ್ಚಿನಲ್ಲಿ ಒಂದು ಕಾರ್ಡು, ಏಪ್ರಿಲಿನಲ್ಲಿ ಒಂದು ಬರೆದೆ. ಉತ್ತರವಿಲ್ಲ. ಮುಟ್ಟಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಯಮನೂರಪ್ಪ ಫೋಟೋ ತೆಗೆಸಿಕೊಂಡಿದ್ದಾರೆ. ಕ್ಲಾರಿನೆಟ್ಟನ್ನು ತುಟಿಗೆ ಇಟ್ಟಂತೆ ಒಂದು, ಬಾಯಿ ಮುಚ್ಚಿ ಸುಮ್ಮನೆ ಕುಳಿತಂತೆ ಒಂದು. ಯಾವುದು ಬೇಕೆಂದು ಕೇಳಿದ್ದಾರೆ. ಲಗ್ನಸರಾಯಿ ಮುಗಿಯಿತು. ಈ ಸಲ ಶಿರಹಟ್ಟಿಯಲ್ಲಿ ಎರಡು ಮದುವೆಯವರು ಬ್ಯಾಂಡು ಬೇಡವೆಂದು ಲೌಡ್‌ಸ್ಪೀಕರಿನ ಕರ್ಣೆ ಕಟ್ಟಿ ಕ್ಯಾಸೆಟ್ ಹಚ್ಚಿದರಂತೆ. "ಹಚ್ಚಲಿ ಬಿಡ್ರಿ, ನಾಳೆ ನಮ್ಮ ಕ್ಯಾಸೆಟ್ಟೂ ಹಚ್ತಾರ," ಎಂದು ಯಮನೂರಪ್ಪ ನಗುತ್ತಾರೆ.

ಅವರ ಹಲ್ಲನ್ನು ನೋಡಿದ ಡಾಕ್ಟರು ಬಾವು ಏರಿದೆ, ತಡಮಾಡಬಾರದು ಎಂದಿದ್ದಾರೆ. ಮಂಗಳವಾರ ಬರಲು ಹೇಳಿದ್ದಾರೆ.

ಸಾಹೇಬರು ಕೇಳಿದರೇ?

ತಾರಾ


ಮುಂಬಯಿ
೩೦ ಜೂನ್ ೧೯೮೨

ಪೂಜ್ಯ ತಾರಕ್ಕನಿಗೆ ನಮಸ್ಕಾರಗಳು.

ಇಲ್ಲಿ ಕೆಲಸ ವಿಪರೀತ. ಕ್ಯಾಸೆಟ್ ಕಂಪನಿಯಲ್ಲೇ ಇದೆ. ಚಿಂತೆ ಮಾಡಬೇಡ.

ಒಂದು ಮಾತು. ಕಂಪನಿಯವರು ಕೆಲವೊಮ್ಮೆ ಎರಡನೆಯ ಪ್ರತಿ ಕೇಳುತ್ತಾರೆ. ಒಂದು ವೇಳೆ ಇನ್ನೊಮ್ಮೆ ಊದಬೇಕಾದರೆ ಯಮನೂರಪ್ಪನವರಿಗೆ ಆಗುತ್ತದೆಯೇ? ಸುಮ್ಮನೆ ಕೇಳಿದೆ.

ದತ್ತಾತ್ರಿ


ಬೆಟಗೇರಿ
೨೪ ಜುಲೈ ೧೯೮೨

ಚಿ. ದತ್ತಾತ್ರಿಗೆ ಆಶೀರ್ವಾದಗಳು.

ಯಮನೂರಪ್ಪ ಆರಾಮಾಗಿದ್ದಾರೆ. ಮಳೆಗಾಲದಲ್ಲಿ ಬ್ಯಾಂಡಿಗೆ ಹೇಗೂ ವಿಶ್ರಾಂತಿ. ಇನ್ನೊಮ್ಮೆ ಊದುವ ಮಾತನ್ನು ಅವರ ಮುಂದೆ ನಾನು ತೆಗೆದಿಲ್ಲ. ಮೊದಲನೆಯದು ಅಷ್ಟು ಚೆನ್ನಾಗಿ ಬಂದಿರುವಾಗ ಎರಡನೆಯದು ಏಕೆ? ಇರುವುದನ್ನೇ ಕೇಳಲು ಹೇಳು.

ಅವ್ವನಿಗೆ ಮೊಣಕಾಲು ನೋವು ಕಡಿಮೆಯಾಗಿದೆ. ಹಿಂದಿನ ಪತ್ರದಲ್ಲಿ ಕೇಳಿದ್ದಕ್ಕೆ ಉತ್ತರ ಬರೆ.

ತಾರಾ


ಮುಂಬಯಿ
೨೯ ಅಕ್ಟೋಬರ್ ೧೯೮೨

ಪೂಜ್ಯ ತಾರಕ್ಕನಿಗೆ ನಮಸ್ಕಾರಗಳು.

ದೀಪಾವಳಿಗೆ ಬರಲಾಗುವುದಿಲ್ಲ. ಶ್ರೀಪಾದ ಮಾಮಾನ ಕೈಯಲ್ಲಿ ನಾಲ್ಕು ಹೊಸ ಸೆಲ್ಲು ಕಳಿಸಿದ್ದೇನೆ. ಕಂಪನಿಯಲ್ಲಿ ಉಪಯೋಗಿಸುವಂಥವು, ಒಳ್ಳೆಯವು. ಇನ್ನು ಮೇಲೆ ಬಿಸಿಲಿಗೆ ಇಡುವ ತಾಪತ್ರಯ ಬೇಡ.

ಸಾಹೇಬರು ಕೇಳಿದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನೀನು ಬೇಸರ ಮಾಡಿಕೊಳ್ಳಬಾರದು. ಬ್ಯಾಂಡಿನವರು ಕಂದೀಲಿನವರದೇ ಧಾಟಿ, ಅದೇ ಚಾಲು, ಕಂದೀಲಿನವರದೇ ವೇಗ ಹಿಡಿದಿದ್ದಾರೆ, ಬೇರೆ ಏನೂ ಮಾಡಿಲ್ಲ, ವಾದ್ಯಗಳ ದನಿ ಮಾತ್ರ ಇಲಿ ಕಿರುಚಿದಂತಿದೆ ಎಂದರು. ನೀನು ನಿಧಾನ, ನಿಧಾನ ಎಂದು ಬರೆಯುತ್ತಿದ್ದೆ. ನಾನೂ ಪಕ್ಕದಲ್ಲಿ ನಿಂತು ಅರ್ಧ ನಿಮಿಷ ಕೇಳಿದೆ. ನನಗೆ ನಿಧಾನ ಅನಿಸಲಿಲ್ಲ, ಅಕ್ಕ. ಕುಣಿಯುವ ಹಾಡಿನಂತೆ ಓಡುತ್ತಿತ್ತು.

ಕ್ಯಾಸೆಟ್ ಇದೆ. ಬೇರೆ ಕಂಪನಿಗೆ ತೋರಿಸಬಹುದು.

ದತ್ತಾತ್ರಿ


ಬೆಟಗೇರಿ
೧೭ ನವೆಂಬರ್ ೧೯೮೨

ಚಿ. ದತ್ತಾತ್ರಿಗೆ.

ಈ ಪತ್ರವನ್ನು ಎರಡು ಸಲ ಓದು. ಆಮೇಲೆ ತಡಮಾಡದೆ ಸಾಹೇಬರ ಹತ್ತಿರ ಹೋಗು.

ನಿನ್ನ ಪತ್ರ ಬಂದಾಗ ನನಗೆ ಸಿಟ್ಟು ಬಂತು. ಕೇಳದೆಯೇ ಹೇಳುತ್ತಿದ್ದೀರಿ ಎಂದುಕೊಂಡೆ. ನೀನು ಕಳಿಸಿದ ಹೊಸ ಸೆಲ್ಲುಗಳನ್ನು ಯಂತ್ರಕ್ಕೆ ಹಾಕಿ, ನಿಧಾನ ಎಂದರೆ ಏನೆಂದು ನಿನಗೆ ವಿವರಿಸಿ ಬರೆಯೋಣವೆಂದು ಕಂದೀಲಿನವರ ಕ್ಯಾಸೆಟ್ ಹಚ್ಚಿದೆ. ಬೇರೆ ಯಾರೋ ಹಾಡುತ್ತಿದ್ದರು. ಎಳೆಯ ಹುಡುಗರ ದನಿ, ನಗುತ್ತ, ಅವಸರದಲ್ಲಿ. ಮಾತುಗಳೆಲ್ಲ ತಿಳಿದವು. ಒಂದು ಹಾಡು ಸಮುದ್ರದ ದಂಡೆಯಲ್ಲಿ ಐಸ್‌ಕ್ರೀಮ್ ತಿನ್ನುವುದರ ಬಗ್ಗೆ ಇದೆ. ಹಾರ್ಮೋನಿಯಂ ತೆಗೆದು ನೋಡಿದೆ. ಅವರ ಷಡ್ಜ ಸರಿಯಾಗಿ ಬಿಳಿ ಮೂರರ ಮೇಲೆ ಕೂತಿತು. ಆಮೇಲೆ ಲಕ್ಷ್ಮೇಶ್ವರದ ಕ್ಯಾಸೆಟ್ ಹಚ್ಚಿದೆ. ಸರಸ್ವತಿಬಾಯಿ ಕಾಕು ತನ್ನ ದನಿಯಲ್ಲೇ ಆರತಿ ಹಾಡಿದಳು.

ನನಗೆ ತಿಳಿದದ್ದು ಇದು. ಸೋತ ಸೆಲ್ಲು ಹಾಕಿದರೆ ಯಂತ್ರ ನಿಧಾನವಾಗಿ ತಿರುಗುತ್ತದೆ, ಹಾಡು ಎಳೆದಂತೆ, ತಗ್ಗಿದ ದನಿಯಲ್ಲಿ ಬರುತ್ತದೆ. ನಾವು ಒಂದು ವರ್ಷ ಅದನ್ನೇ ಕೇಳಿ ಅದನ್ನೇ ಕಲಿತೆವು. ಬದಿಯ ಕೊನೆಯಲ್ಲಿ ಉಸಿರು ಬಿಡುತ್ತಿದ್ದದ್ದು ಹಾಡುವವರಲ್ಲ, ಸೆಲ್ಲು. ಇದು ಒಂದು ತಪ್ಪು. ಎರಡನೆಯದನ್ನು ಇನ್ನೂ ಗಮನವಿಟ್ಟು ಓದು. ಹರ್ತಿಯಲ್ಲಿ ನಾವು ರೆಕಾರ್ಡ್ ಮಾಡಿದ್ದೂ ಅದೇ ಸೋತ ಸೆಲ್ಲಿನ ಮೇಲೆ. ಟೇಪು ಆಗ ನಿಧಾನವಾಗಿ ಓಡುತ್ತಿತ್ತು. ನಮ್ಮ ಯಂತ್ರದಲ್ಲಿ ಅಷ್ಟೇ ನಿಧಾನವಾಗಿ ತಿರುಗಿ ಕೇಳಿದೆವು, ಸರಿಯಾಗಿಯೇ ಕೇಳಿತು. ಅದನ್ನು ಮುಂಬಯಿಯ ಯಂತ್ರಕ್ಕೆ ಹಾಕಿದರೆ ಓಡುತ್ತದೆ, ಇಲಿಯಂತೆ ಕಿರುಚುತ್ತದೆ, ಹೆಚ್ಚುಕಡಿಮೆ ಕಂದೀಲಿನವರ ವೇಗವನ್ನೇ ಮುಟ್ಟುತ್ತದೆ. ಸಾಹೇಬರು ಸುಳ್ಳು ಹೇಳಲಿಲ್ಲ, ನೀನೂ ಹೇಳಲಿಲ್ಲ. ಆದರೆ ಯಮನೂರಪ್ಪ ಊದಿದ್ದನ್ನು ನೀವು ಯಾರೂ ಇನ್ನೂ ಕೇಳಿಯೇ ಇಲ್ಲ.

ಜಗತ್ತೆಲ್ಲ ಕುಣಿಯುವ ಹಾಡನ್ನು ಇವರು ಇಲ್ಲಿ ಕುಳಿತು ಬೇರೆಯೇ ಮಾಡಿಬಿಟ್ಟಿದ್ದಾರೆ. ತಿಳಿದು ಮಾಡಿದ್ದಲ್ಲ, ನಿಜ. ಆದರೂ ಆ ಟೇಪಿನಲ್ಲಿ ಅದು ಇದೆ. ವೇಗ ತಗ್ಗಿಸುವ ಯಂತ್ರ ನಿಮ್ಮಲ್ಲಿ ಇದ್ದೇ ಇರುತ್ತದೆ. ಒಮ್ಮೆ ತಗ್ಗಿಸಿ ಒಂದು ಹಾಡು ಕೇಳಿಸು. ಒಂದೇ ಸಾಕು.

ಯಮನೂರಪ್ಪನಿಗೆ ನಾನು ಏನೂ ಹೇಳಿಲ್ಲ. ಹೊಸ ಸೆಲ್ಲುಗಳನ್ನು ಯಂತ್ರದಿಂದ ತೆಗೆದು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಕೂಡಲೇ ಬರೆ.

ತಾರಾ


ಬೆಟಗೇರಿ
೧೨ ಜನವರಿ ೧೯೮೩

ದತ್ತಾ,

ಎರಡು ತಿಂಗಳಾಯಿತು. ಸಾಹೇಬರು ಬೇಡವೆಂದರೂ ಚಿಂತೆಯಿಲ್ಲ. ನೀನಾದರೂ ಕೇಳಿದೆಯೋ ಇಲ್ಲವೋ, ಅಷ್ಟು ಬರೆ.

ತಾರಾ


ಮುಂಬಯಿ
೩ ಏಪ್ರಿಲ್ ೧೯೮೩

ತಾರಕ್ಕ,

ಬರೆಯಲು ಕುಳಿತದ್ದು ಇದು ಆರನೆಯ ಸಲ.

ನಾನು ರೆಕಾರ್ಡಿಂಗ್ ವಿಭಾಗದಲ್ಲಿದ್ದೇನೆಂದು ಬರೆದದ್ದು ಸುಳ್ಳಲ್ಲ. ಅಲ್ಲಿ ನನ್ನ ಕೆಲಸ ಅಳಿಸುವುದು. ಮಾರಾಟವಾಗದೆ ತಿರುಗಿ ಬಂದವು, ಕೆಟ್ಟು ಬಂದವು, ಬೇಡವಾದವು ಎಲ್ಲ ಒಂದು ಬುಟ್ಟಿಯಲ್ಲಿ ನನ್ನ ಮೇಜಿಗೆ ಬರುತ್ತವೆ. ಒಂದು ಯಂತ್ರದ ಮೇಲೆ ಇಟ್ಟು ಒಮ್ಮೆ ತಿರುಗಿಸಿದರೆ ಒಳಗಿನದು ಹೋಗುತ್ತದೆ. ದಿನಕ್ಕೆ ಇನ್ನೂರು. ಆಮೇಲೆ ಅವುಗಳಿಗೆ ಸಿನೆಮಾ ಹಾಡು ತುಂಬುತ್ತಾರೆ.

ಕಳೆದ ವರ್ಷ ಮಾರ್ಚಿನಲ್ಲಿ ಸಾಹೇಬರು ನಿಮ್ಮ ಕ್ಯಾಸೆಟ್ ಹಚ್ಚಿದರು. ಅರ್ಧ ನಿಮಿಷ. "ಇದು ಇಲಿಗಳ ಮದುವೆ," ಎಂದು ನಕ್ಕರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇದು ನನ್ನ ಅಕ್ಕ ಕಳಿಸಿದ್ದು ಎಂದು ಹೇಳಲಿಲ್ಲ. ಮೊದಲೂ ಹೇಳಿರಲಿಲ್ಲ. ಯಾರೋ ಅಂಚೆಯಲ್ಲಿ ಕಳಿಸಿದ್ದಾರೆಂದು ಮೇಜಿನ ಮೇಲೆ ಇಟ್ಟಿದ್ದೆ.

ಮಾರನೆಯ ದಿನ ಅದು ಬುಟ್ಟಿಯಲ್ಲಿ ನನ್ನ ಮುಂದೆ ಬಂತು. ನೀಲಿ ಶಾಯಿಯ ನಿನ್ನ ಅಕ್ಷರ. ಮುಕಾದಮ ಎದುರಿಗೆ ನಿಂತು ಎಣಿಸಿಕೊಳ್ಳುತ್ತಿದ್ದ. ಬಾಗಿಲಲ್ಲಿ ಎಲ್ಲರ ಜೇಬು ನೋಡುತ್ತಾರೆ. ಹಿಂದಿನ ವಾರ ಒಬ್ಬನನ್ನು ಒಂದು ಕ್ಯಾಸೆಟ್ಟಿಗಾಗಿ ಹೊರಗೆ ಹಾಕಿದ್ದರು. ನಾನು ಅದನ್ನು ಅಡಿಯಲ್ಲಿ ಇಟ್ಟೆ. ನಡುಹಗಲಿನವರೆಗೆ ಅಡಿಯಲ್ಲೇ ಇತ್ತು. ಆಮೇಲೆ ಅಡಿಯದಕ್ಕೂ ಸರತಿ ಬಂತು.

ಜೂನಿನಲ್ಲಿ ಇದೆ ಎಂದು ಬರೆದಾಗ ಇರಲಿಲ್ಲ. ಅಕ್ಟೋಬರಿನಲ್ಲೂ ಇರಲಿಲ್ಲ. ನಕಲು ಮಾಡಿದ ಹಾಡು, ಹೋದರೆ ಏನಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನ ನವೆಂಬರಿನ ಪತ್ರ ಬರುವವರೆಗೆ ಹಾಗೆ ಹೇಳಿಕೊಳ್ಳಬಹುದಾಗಿತ್ತು.

ವೇಗ ತಗ್ಗಿಸುವ ಯಂತ್ರ ಇದೆ. ನನ್ನ ಮೇಜಿನಿಂದ ಹತ್ತು ಹೆಜ್ಜೆ.

ಆ ಕ್ಯಾಸೆಟ್ಟಿಗೆ ಯಾವ ಹಾಡು ತುಂಬಿದರೋ ಗೊತ್ತಿಲ್ಲ. ಆ ತಿಂಗಳ ಪೆಟ್ಟಿಗೆಗಳು ಬಹಳಷ್ಟು ಹುಬ್ಬಳ್ಳಿಯ ಕಡೆಗೆ ಹೋದವು. ಗದಗಿಗೂ ಬಂದಿರಬಹುದು.

ಯಮನೂರಪ್ಪನವರು ಇನ್ನೊಮ್ಮೆ ಊದುವುದಾದರೆ ನಾನು ರಜೆ ಹಾಕಿ ಬರುತ್ತೇನೆ. ಒಳ್ಳೆಯ ಯಂತ್ರ ತರುತ್ತೇನೆ. ಅವರ ಕಾಲು ಹಿಡಿದು ನಾನೇ ಹೇಳುತ್ತೇನೆ. ಹೂಂ ಎಂದು ಒಂದು ಕಾರ್ಡು ಹಾಕು.

ದತ್ತಾತ್ರಿ


ಬೆಟಗೇರಿ
೨೬ ಮೇ ೧೯೮೩

ಚಿ. ದತ್ತಾತ್ರಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ಏಳು ವಾರವಾಯಿತು. ನಾನೂ ನಿನಗೆ ಒಂದು ವಿಷಯ ಹೇಳಿರಲಿಲ್ಲ. ಕಳೆದ ವರ್ಷ ಜೂನ್ ಎಂಟರಂದು, ಮಂಗಳವಾರ, ಯಮನೂರಪ್ಪನ ಹಲ್ಲು ಕಿತ್ತರು. ಎರಡಲ್ಲ, ಮೇಲಿನ ನಾಲ್ಕೂ ಹೋದವು. ಇನ್ನೊಮ್ಮೆ ಊದಲು ಆಗುತ್ತದೆಯೇ ಎಂದು ನೀನು ಕೇಳಿದಾಗ ಮೂರು ವಾರ ಕಳೆದಿತ್ತು. ಬರೆದರೆ ನಿನ್ನ ಮೇಲೆ ಭಾರ ಹಾಕಿದಂತಾಗುತ್ತದೆ ಎಂದುಕೊಂಡೆ. ಟೇಪು ಇದೆಯಲ್ಲ, ಹಲ್ಲು ಹೋದರೆ ಹೋಗಲಿ ಎಂದೂ ಅಂದುಕೊಂಡೆ.

ಸ್ವರ ಬರೆದ ವಹಿ ನನ್ನ ಹತ್ತಿರ ಇದೆ. ನಿನ್ನ ಪತ್ರ ಬಂದ ಮೇಲೆ ಶಿರಹಟ್ಟಿಯ ಇನ್ನೊಬ್ಬ ಕ್ಲಾರಿನೆಟ್ಟಿನವನನ್ನು ಕರೆಸಿ ಅದನ್ನು ಮುಂದಿಟ್ಟೆ. ಅವನು ಎಲ್ಲವನ್ನೂ ತಪ್ಪಿಲ್ಲದೆ ಊದಿದ. "ಇದರಾಗ ಏನೈತ್ರಿ ಬಾಯಾರ?" ಎಂದು ಕೇಳಿದ. ಅವನು ಊದಿದ್ದರಲ್ಲಿ ಏನೂ ಇರಲಿಲ್ಲ. ನೀಲಪ್ಪ ಕಹಳೆ ಮಾರಿ ಹರ್ತಿಯ ಹೊಲಕ್ಕೇ ಮರಳಿದ.

ಯಮನೂರಪ್ಪ ಈಗ ತಮ್ಮದೇ ಬ್ಯಾಂಡಿನಲ್ಲಿ ಜಾಂಜು, ಆ ಕಂಚಿನ ದೊಡ್ಡ ತಾಳ, ಬಾರಿಸುತ್ತಾರೆ. ಹೋದ ವಾರ ಮುಂಡರಗಿಯ ಒಂದು ಮದುವೆಯಿಂದ ನೇರವಾಗಿ ನನ್ನ ಮನೆಗೆ ಬಂದರು. ಹೊಸ ಹಿಂದಿ ಸಿನೆಮಾದ ಒಂದು ಹಾಡನ್ನು ಅಲ್ಲಿ ಕರ್ಣೆಯಲ್ಲಿ ಹಚ್ಚಿದರಂತೆ. ಕಂದೀಲಿನವರ ನಾಲ್ಕನೆಯ ಹಾಡಿನದೇ ಚಾಲು. ಸಿನೆಮಾದವರು ವಿಲಾಯಿತಿಯ ಹಾಡಿನಿಂದಲೇ ಎತ್ತಿಕೊಂಡಿದ್ದಾರೆ, ಅವರಿಗೆ ಅದು ಹೊಸದೇನಲ್ಲ. ಯಮನೂರಪ್ಪ ಕೂರಲೂ ಇಲ್ಲ, ಬಾಗಿಲಲ್ಲೇ ನಿಂತು ಹೇಳಿದರು:

"ಅಕ್ಕಾರ, ಖಬರ ಬಂತೇನ್ರಿ? ನಮ್ಮ ಕ್ಯಾಸೆಟ್ ಮುಂಬೈದಾಗ ಕೇಳ್ಯಾರ! ಕೇಳೇ ಕಲತಾರ. ಇಲ್ಲಂದ್ರ ಈ ಚಾಲು ಅವರಿಗೆ ಎಲ್ಲಿಂದ ಸಿಗಬೇಕು? ಆದ್ರ ಅವಸರ ಮಾಡ್ಯಾರ ನೋಡ್ರಿ. ಓಡಸ್ಯಾರ. ಕಡೀಕ ಉಸರು ಬಿಟ್ಟಿಲ್ಲ."

ನಾನು ಒಳಗಿನಿಂದ ನೀರು ತಂದುಕೊಟ್ಟೆ.

"ಮದಿಮಗನ ದೋಸ್ತರು ಅದನ್ನ ಬಾರಸ್ರಿ ಅಂದ್ರು," ಎಂದರು. "ಬಾರಿಸಿದ್ವಿ. ನಾನೂ ಜಾಂಜ ಹೊಡದೆ. ಎಲ್ಲಾರೂ ಕುಣದರು. ಕುಣೀರ್ಲೇ ಅಂದೆ ಮನಸಿನ್ಯಾಗ. ನಮ್ಮದು ಬರಲಿ. ಖರೆ ಹಾಡು ಹೆಂಗಿತ್ತಂತ ಆವಾಗ ಕುಂತು ಕೇಳ್ತೀರಿ."

ಯಂತ್ರವನ್ನು ಅವರೇ ತಮ್ಮ ಮನೆಗೆ ಒಯ್ದಿದ್ದಾರೆ. ಕ್ಯಾಸೆಟ್ ಯಾವ ಹೊತ್ತಿನಲ್ಲಿ ಬರುತ್ತದೋ, ತಯಾರಿರಬೇಕು ಎನ್ನುತ್ತಾರೆ. ಆ ಹಳೆಯ ಸೆಲ್ಲುಗಳ ಹೊಟ್ಟೆ ಒಡೆದು ಬಿಳಿಯ ಹಿಟ್ಟು ಬಂದಿದೆ. ಇನ್ನು ಅವು ಯಾವ ಬಿಸಿಲಿಗೂ ಏಳುವುದಿಲ್ಲ. ಅವರು ದಿನಾಲು ಅವನ್ನು ಅರಿವೆಯಿಂದ ಒರೆಸಿ ಅಲ್ಮಾಸಬಿಯ ಮಾಳಿಗೆಯ ಮೇಲೆ ಸಾಲಾಗಿ ಇಡುತ್ತಾರೆ. ಮೋಡ ಬಂದರೆ ಅವಳೇ ಎತ್ತಿ ಒಳಗೆ ಇಡುತ್ತಾಳೆ. ಈಗ ಘಾಟಿನ ಮಾತು ಆಡುವುದಿಲ್ಲ.

ನೀನು ರಜೆ ಹಾಕಬೇಡ. ನೀನು ಬಂದರೆ ಅವರು ಮೊದಲು ನಿನ್ನ ಕೈಗಳನ್ನು ನೋಡುತ್ತಾರೆ.

ತಾರಾ